ಹೆದ್ದಾರಿ ಬಿಟ್ಟು ಅರ್ಧ ಗಂಟೆ: ಹರಿಹರದ ಠೇಸನ್ನಿನಲ್ಲಿ ಏನು ನೋಡಬೇಕು, ಹೇಗೆ ನೋಡಬೇಕು

(ದಾವಣಗೆರೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ನಮ್ಮೂರಿಗೆ ಕಾರಿನಲ್ಲಿ ಬರುವವರು ಮತ್ತು ರೈಲಿನಲ್ಲಿ ಬರುವವರು ತುಮಕೂರಿನವರೆಗೆ ಜೊತೆಯಲ್ಲೇ ಇರುತ್ತಾರೆ. ಅಲ್ಲಿ ದಾರಿ ಕವಲೊಡೆಯುತ್ತದೆ. ರಸ್ತೆ ಶಿರಾ, ಹಿರಿಯೂರು, ಚಿತ್ರದುರ್ಗ ಹಿಡಿದು ನೆಟ್ಟಗೆ ಬರುತ್ತದೆ. ಕಂಬಿ ಮಾತ್ರ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಅಜ್ಜಂಪುರ, ಹೊಸದುರ್ಗ ರೋಡ್, ಚಿಕ್ಕಜಾಜೂರು ಅಂತ ಪಡುವಣಕ್ಕೆ ಸುತ್ತು ಹಾಕಿ ಬರುತ್ತದೆ. ಎರಡೂ ಮತ್ತೆ ಮುಖ ನೋಡುವುದು ದಾವಣಗೆರೆಯಲ್ಲಿ. ಇಲ್ಲಿಂದ 14 ಕಿಲೋಮೀಟರ್ ಮುಂದೆ, ಹರಿಹರದಲ್ಲಿ, ಎರಡೂ ಒಂದೇ ಹೊಳೆಯನ್ನು, ತುಂಗಭದ್ರೆಯನ್ನು, ದಾಟುತ್ತವೆ.

ಹೆದ್ದಾರಿ 48ರಲ್ಲಿ ಹುಬ್ಬಳ್ಳಿ ಕಡೆಗೋ ಪುಣೆ ಕಡೆಗೋ ಹೋಗುವವರು ಎಲ್ಲಾದರೂ ನಿಲ್ಲಲೇಬೇಕು. ಎರಡು ಗಂಟೆ ಸ್ಟಿಯರಿಂಗ್ ಹಿಡಿದವರು ಕಾಲು ಗಂಟೆಯಾದರೂ ಇಳಿದು ಓಡಾಡಬೇಕು. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್, ಅಲ್ಲಿಂದ ದಾವಣಗೆರೆಗೆ 60. ಮೊದಲ ದಣಿವು ದುರ್ಗದಲ್ಲಿ, ಎರಡನೆಯದು ಇಲ್ಲೇ ಆಸುಪಾಸಿನಲ್ಲಿ. ಆ ಎರಡನೇ ನಿಲುಗಡೆಯನ್ನು ಢಾಬಾದ ಮುಂದಿನ ಧೂಳಿನ ಅಂಗಳದಲ್ಲಿ ಕಳೆಯುವ ಬದಲು ಹರಿಹರದ ಠೇಸನ್ನು ಮತ್ತು ಹೊಳೆದಂಡೆಯಲ್ಲಿ ಕಳೆಯಿರಿ ಎಂದು ಕೇಳಿಕೊಳ್ಳುವುದಕ್ಕೇ ಈ ಮಾತು. ಅಲ್ಲಿ ಮ್ಯೂಸಿಯಂ ಗಾಜಿನೊಳಗೆ ಇಟ್ಟ ವಸ್ತು ಯಾವುದೂ ಇಲ್ಲ. ನೋಡಬೇಕಾದದ್ದೆಲ್ಲ ಇಂದಿಗೂ ಕೆಲಸದಲ್ಲಿದೆ. ಅದಕ್ಕೇ ನೋಡುವ ಬಗೆ ತಿಳಿದಿರಬೇಕು.

ಮೊದಲು ಇತಿಹಾಸ, ಚುಟುಕಾಗಿ. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಕಂಬಿ 1884ರಲ್ಲಿ ತುಮಕೂರು ಮುಟ್ಟಿತು. 1876ರಿಂದ 78ರವರೆಗಿನ ಭೀಕರ ಬರ ಜನರ ನೆನಪಿನಲ್ಲಿ ಹಸಿಯಾಗಿದ್ದ ಕಾಲ ಅದು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿಲ್ಲದೆ ಜನ ಸತ್ತರು ಎಂಬ ಅರಿವೇ ದಖ್ಖನ್ನಿನಲ್ಲಿ ರೈಲು ಹಾಕಲು ದೊಡ್ಡ ಕಾರಣವಾಯಿತು. 1886ರಲ್ಲಿ ಈ ಮಾರ್ಗ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. 1889ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಗುಬ್ಬಿಯಿಂದ ಹರಿಹರದವರೆಗಿನ ಭಾಗ ತೆರೆಯಿತು. ಹೊಳೆಯ ಆಚೆ ದಡ ಮುಂಬೈ ಪ್ರಾಂತ್ಯ. ಇಂದಿಗೂ ಆ ನೀರೇ ಗಡಿ: ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆ.

ರೈಲು ಬರುವುದಕ್ಕೆ 21 ವರ್ಷ ಮೊದಲೇ ಇಲ್ಲಿ ರಸ್ತೆಗೆ ಸೇತುವೆ ಆಗಿತ್ತು ಎಂಬುದನ್ನು ಮರೆಯಬಾರದು. 1868ರಲ್ಲಿ ಮುಗಿದ ಆ ಸೇತುವೆ ಕಲ್ಲು ಮತ್ತು ಇಟ್ಟಿಗೆಯದು. 14 ಕಮಾನು, ಒಂದೊಂದೂ 60 ಅಡಿ. ಲೆಕ್ಕ ಹಾಕಿದರೆ ಬರೀ ನೀರಿನ ಹಾದಿಯೇ 840 ಅಡಿ. ಕಮಾನುಗಳು ಅರ್ಧ ವೃತ್ತದವಲ್ಲ, ಅಂಡಾಕಾರದವು. ಅರ್ಧ ವೃತ್ತವಾಗಿದ್ದರೆ 60 ಅಡಿ ಅಗಲದ ಕಮಾನು 30 ಅಡಿ ಎತ್ತರ ಏಳಬೇಕಾಗುತ್ತಿತ್ತು, ರಸ್ತೆಯನ್ನೂ ಅಷ್ಟು ಮೇಲಕ್ಕೆ ಏರಿಸಬೇಕಾಗುತ್ತಿತ್ತು. ಅಂಡಾಕಾರ ಮಾಡಿದರೆ ಎತ್ತರ ಕಡಿಮೆ ಸಾಕು, ನೀರಿಗೆ ಅಗಲವೂ ಸಿಗುತ್ತದೆ. ಎತ್ತಿನಗಾಡಿಯ ಕಾಲದಲ್ಲಿ ಏರು ಕಡಿಮೆ ಎನ್ನುವುದು ಸಣ್ಣ ಮಾತಲ್ಲ. ಬೆಂಗಳೂರು–ಧಾರವಾಡ ಹಾದಿ ಹೊಳೆ ದಾಟುವ ಜಾಗ ಹೀಗೆ ಮೊದಲೇ ಗೊತ್ತಾಗಿತ್ತು. ರೈಲು ಬಂದು ಅದೇ ಊರಿನಲ್ಲಿ ಹೊಳೆ ದಾಟಿತು.

ಇನ್ನು ಹೋಗುವ ಬಗೆ. ಬೈಪಾಸ್ ಬಿಟ್ಟು ಹಳೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಗೆ ಇಳಿಯಬೇಕು. ದಾವಣಗೆರೆಯಿಂದ ಹರಿಹರಕ್ಕೆ ಕಂಬಿ ಮತ್ತು ಹಳೇ ರಸ್ತೆ ಜೊತೆಜೊತೆ ಸಾಗುವುದು ಈ ದಾರಿಯಲ್ಲಿ ಹೋದರೆ ಮಾತ್ರ ಅರ್ಥವಾಗುತ್ತದೆ. ಹೆದ್ದಾರಿಯ ಮೇಲಿದ್ದವರಿಗೆ ಅದು ಕಾಣುವುದೇ ಇಲ್ಲ. ಬೆಳಗ್ಗೆ 7ರಿಂದ 9, ಇಲ್ಲವೇ ಸಂಜೆ 4ರ ನಂತರ ಬನ್ನಿ. ಕಾರಣ ಬಿಸಿಲು ಮಾತ್ರ ಅಲ್ಲ. ಕಬ್ಬಿಣದ ಮೇಲಿನ ಅಕ್ಷರ ಓದಲು ಓರೆ ಬೆಳಕು ಬೇಕು, ಅದನ್ನು ಮುಂದೆ ಹೇಳುತ್ತೇವೆ.

ಗಾಡಿಯನ್ನು ಠೇಸನ್ನಿನ ಪಾರ್ಕಿಂಗಿನಲ್ಲೇ ನಿಲ್ಲಿಸಿ. ಆಟೋ ಸಾಲಿನ ಮುಂದೆ ನಿಲ್ಲಿಸಿದರೆ ರೈಲು ಬಂದಾಗ ಹೊರಗೆ ತೆಗೆಯಲಾಗುವುದಿಲ್ಲ, ಹತ್ತು ನಿಮಿಷ ಸಿಕ್ಕಿಕೊಳ್ಳುತ್ತೀರಿ. ಒಳಗೆ ಹೋಗಲು ಪ್ಲಾಟ್‌ಫಾರಂ ಟಿಕೆಟ್ ಬೇಕೇ ಬೇಕು. ತಲೆಗೆ 10 ರೂಪಾಯಿ, ಎರಡು ಗಂಟೆ ನಡೆಯುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಹೊರಗಿರುವಾಗಲೇ ತೆಗೆಯಿರಿ. ಪ್ಲಾಟ್‌ಫಾರಂ ಮೇಲೆ ನಿಂತು ತೆಗೆಯಲು ಹೋದರೆ ಆ್ಯಪ್ ಒಪ್ಪುವುದಿಲ್ಲ, ಆಗ ಠೇಸನ್ನಿನಲ್ಲಿ ಅಂಟಿಸಿದ ಕ್ಯೂಆರ್ ಹುಡುಕಬೇಕಾಗುತ್ತದೆ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ದಂಡ. ಹಬ್ಬದ ನೂಕುನುಗ್ಗಲಿನ ದಿನಗಳಲ್ಲಿ ಈ ಟಿಕೆಟ್ ಕೊಡುವುದನ್ನೇ ನಿಲ್ಲಿಸುವುದುಂಟು. ಅಂಥ ದಿನ ಹೊಳೆದಂಡೆಗೆ ಹೋಗಿ, ಠೇಸನ್ನು ಇನ್ನೊಮ್ಮೆ.

ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ರೈಲು ನೋಡುತ್ತಾರೆ. ನೀವು ಬೇಲಿ ನೋಡಿ.

ನಮ್ಮ ಭಾಗದ ಹಳೇ ಠೇಸನ್ನುಗಳಲ್ಲಿ ಬೇಲಿಯ ಗೂಟ, ಸೂರಿನ ಕಂಬ, ಬೋರ್ಡಿನ ಕಾಲು, ಗೂಡ್ಸ್ ಅಂಗಳದ ತಡೆಗಟ್ಟೆ ಮುಂತಾದ ಕಡೆಗಳಲ್ಲಿ ಸವೆದುಹೋದ ಹಳಿಯ ತುಂಡುಗಳು ಸಿಗುತ್ತವೆ. ರೈಲ್ವೆಯವರು ಹಳಿಯನ್ನು ಎಸೆಯುತ್ತಿರಲಿಲ್ಲ. ಮುಖ್ಯ ಮಾರ್ಗದಲ್ಲಿ ಸವೆದದ್ದು ಸೈಡಿಂಗಿಗೆ (ಗಾಡಿ ನಿಲ್ಲಿಸುವ ಪಕ್ಕದ ಕಂಬಿಗೆ), ಅಲ್ಲಿಯೂ ಸವೆದರೆ ಕಂಬಕ್ಕೆ. ಗೂಟದ ತುದಿ ನೋಡಿದರೆ ಹಳಿಯ ಅಡ್ಡಕೊಯ್ತ ಕಾಣುತ್ತದೆ: ಮೇಲೆ ಗುಂಡಗಿನ ತಲೆ, ನಡುವೆ ತೆಳ್ಳನೆಯ ಒಡಲು, ಕೆಳಗೆ ಚಪ್ಪಟೆ ಪಾದ. ಆ ಒಡಲಿನ ಮೇಲೆ, ಉಬ್ಬಕ್ಷರದಲ್ಲಿ, ಹಳಿಯ ಜಾತಕವೇ ಇರುತ್ತದೆ. ಕಾರ್ಖಾನೆಯಲ್ಲಿ ಕೆಂಪಗೆ ಕಾದ ಉಕ್ಕು ರೋಲರಿನ ನಡುವೆ ಹಾಯುವಾಗ, ರೋಲರಿನಲ್ಲಿ ಕೊರೆದ ಅಕ್ಷರ ಒಂದೆರಡು ಮೀಟರಿಗೊಮ್ಮೆ ಒತ್ತಿಕೊಳ್ಳುತ್ತದೆ. ಹಾಗಾಗಿ ತುಂಡು ಚಿಕ್ಕದಿದ್ದರೆ ಅರ್ಧ ಹೆಸರು ಮಾತ್ರ ಸಿಗಬಹುದು, ಉಳಿದರ್ಧ ಪಕ್ಕದ ಗೂಟದಲ್ಲಿರಬಹುದು. ಒಂದೇ ಹಳಿಯನ್ನು ಕತ್ತರಿಸಿ ಸಾಲಾಗಿ ನೆಟ್ಟಿರುವುದು ಸಾಮಾನ್ಯ.

ಓದುವ ವಿಧಾನ ಹೀಗೆ. ಒಣ ಬಟ್ಟೆಯಿಂದ ಧೂಳು ಒರೆಸಿ. ಚಾಕು, ಕೀಲಿಕೈ, ಕಲ್ಲು ಯಾವುದರಿಂದಲೂ ಕೆರೆಯಬೇಡಿ. ಬಣ್ಣ ಎದ್ದ ಜಾಗದಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಐದಾರು ವರ್ಷದಲ್ಲಿ ಅಕ್ಷರವೇ ಹೋಗುತ್ತದೆ. ಮೊಬೈಲ್ ಟಾರ್ಚನ್ನು ಅಕ್ಷರದ ಎದುರಿಗೆ ಹಿಡಿದರೆ ಏನೂ ಕಾಣುವುದಿಲ್ಲ, ಎಲ್ಲ ಒಂದೇ ಬೆಳ್ಳಗೆ. ಕಬ್ಬಿಣಕ್ಕೆ ತಾಗಿಸಿದಂತೆ, ಮಗ್ಗುಲಿನಿಂದ ಹಿಡಿಯಿರಿ. ಉಬ್ಬಿನ ಒಂದು ಬದಿಗೆ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ. ಹತ್ತು ಪದರ ಅಲ್ಯುಮಿನಿಯಂ ಪೇಂಟ್ ಬಳಿದಿದ್ದರೂ ಬಹುತೇಕ ಓದಬಹುದು.

ಸಾಮಾನ್ಯವಾಗಿ ಕಾಣುವುದು ಇಷ್ಟು: ತಯಾರಕರ ಹೆಸರು ಅಥವಾ ಅದರ ಸಂಕ್ಷೇಪ, ಹಳಿಯ ತೂಕದ ವರ್ಗ, ಉಕ್ಕು ಮಾಡಿದ ಬಗೆಯ ಗುರುತು, ವರ್ಷ ಮತ್ತು ತಿಂಗಳು. ತಿಂಗಳನ್ನು ರೋಮನ್ ಅಂಕಿಯಲ್ಲೋ ಸಾಲು ಗೀಟುಗಳಲ್ಲೋ ಹಾಕಿರುತ್ತಾರೆ. ಐದು ಗೀಟು ಅಂದರೆ ಮೇ. ಟಾಟಾ ಅವರ ಜಮ್‌ಶೆಡ್‌ಪುರ ಕಾರ್ಖಾನೆಯಲ್ಲಿ ಉಕ್ಕು ಬರತೊಡಗಿದ್ದು 1912ರಲ್ಲಿ. ಭಿಲಾಯಿ ಹಳಿಗಳು 1960ರಿಂದ. 1912ಕ್ಕೂ ಹಿಂದಿನ ವರ್ಷ ಕಂಡರೆ ಆ ತುಂಡು ಸಮುದ್ರ ದಾಟಿ ಹಡಗಿನಲ್ಲಿ ಬಂದದ್ದು ಎಂದೇ ತಿಳಿಯಿರಿ. ಈಚಿನ ಎಷ್ಟೋ ಹಳಿಗಳಲ್ಲಿ 880 ಎಂಬ ಅಂಕಿ ಇರುತ್ತದೆ. ಅದು ವರ್ಷವಲ್ಲ, ಉಕ್ಕಿನ ಎಳೆತದ ಬಲ. ಬಹಳ ಜನ ಅದನ್ನು 1880 ಎಂದು ಓದಿಕೊಂಡು ಸಂಭ್ರಮಪಡುತ್ತಾರೆ, ಪಾಪ.

ಅಕ್ಷರ ಪೂರ್ತಿ ಅಳಿಸಿಹೋಗಿದ್ದರೆ ಅಳತೆಪಟ್ಟಿ ಇದ್ದೇ ಇದೆ. ತಲೆಯ ಮೇಲ್ತುದಿಯಿಂದ ಪಾದದ ತಳದವರೆಗೆ ಅಳೆಯಿರಿ. ಸುಮಾರು 105 ಮಿಲಿಮೀಟರ್ ಬಂದರೆ ಗಜಕ್ಕೆ 50 ಪೌಂಡಿನ ಹಳಿ. 114 ಬಂದರೆ 60 ಪೌಂಡು. 129ರ ಆಸುಪಾಸು 75 ಪೌಂಡು, 143 ಬಂದರೆ 90 ಪೌಂಡು. ಮೊದಮೊದಲ ಮೀಟರ್ ಗೇಜ್ ಹಳಿಗಳು ಇನ್ನೂ ಬಡಕಲು, ಗಜಕ್ಕೆ 40 ಪೌಂಡಿನ ಆಸುಪಾಸು. ಒಂದು ಗಜಕ್ಕೆ ಒಂದು ಪೌಂಡು ಎಂದರೆ ಮೀಟರಿಗೆ ಹೆಚ್ಚುಕಡಿಮೆ ಅರ್ಧ ಕೆಜಿ. ಆ ಹಳಿಗಳು ಮೀಟರಿಗೆ 20 ಕೆಜಿ ತೂಗುತ್ತಿದ್ದವು. ಅದೇ ಪ್ಲಾಟ್‌ಫಾರಂ ಅಂಚಿನಿಂದ ಕಾಣುವ ಇಂದಿನ ಮುಖ್ಯ ಮಾರ್ಗದ ಹಳಿ ಮೀಟರಿಗೆ 60 ಕೆಜಿ, ಎತ್ತರ 172 ಮಿಲಿಮೀಟರ್. ಬೇಲಿಯ ಗೂಟವನ್ನೂ ಅದನ್ನೂ ಒಂದೇ ನೋಟದಲ್ಲಿ ನೋಡಿ. ನೂರು ವರ್ಷದಲ್ಲಿ ರೈಲಿನ ಭಾರ ಎಷ್ಟು ಏರಿತು ಎನ್ನುವುದಕ್ಕೆ ಬೇರೆ ವಿವರಣೆ ಬೇಡ.

ಇಲ್ಲಿ ಒಂದು ಎಚ್ಚರ. ಗೂಟದ ಮೇಲೆ 1910 ಅಂತ ಇದ್ದ ಮಾತ್ರಕ್ಕೆ ಬೇಲಿ 1910ರದ್ದಲ್ಲ, ಠೇಸನ್ನೂ ಅಲ್ಲ. ಹಳಿ ಮೂವತ್ತು ನಲವತ್ತು ವರ್ಷ ರೈಲು ಹೊತ್ತ ಮೇಲೆ ಗೂಟವಾಗಿರುತ್ತದೆ. ಬೇರೆಲ್ಲೋ ಹಾಸಿದ್ದು ವ್ಯಾಗನ್ನಿನಲ್ಲಿ ಇಲ್ಲಿಗೆ ಬಂದಿರಲೂಬಹುದು. ಆ ವರ್ಷ ಹೇಳುವುದು ಇಷ್ಟೇ: ಈ ಬೇಲಿ ಇದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ಬೇಲಿ ಆಯಿತು, ಈಗ ನೆಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಬ್ರಾಡ್ ಗೇಜ್ ಆದದ್ದು 1990ರ ದಶಕದ ಮಧ್ಯಭಾಗದಲ್ಲಿ. ಅದಕ್ಕೂ ಮುಂಚೆ ಎರಡು ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್, ಆಮೇಲೆ 1,676. ಎಲ್ಲರೂ ಅಗಲದ ಮಾತಾಡುತ್ತಾರೆ, ಎತ್ತರದ ಮಾತು ಯಾರೂ ಎತ್ತುವುದಿಲ್ಲ. ಮೀಟರ್ ಗೇಜ್ ಗಾಡಿಗಳ ಬಾಗಿಲು ತಗ್ಗು, ಪ್ಲಾಟ್‌ಫಾರಂ ಹಳಿಯಿಂದ 30–40 ಸೆಂಟಿಮೀಟರ್ ಎತ್ತರವಿದ್ದರೆ ಸಾಕಿತ್ತು. ಬ್ರಾಡ್ ಗೇಜಿನ ಎತ್ತರದ ಪ್ಲಾಟ್‌ಫಾರಂ 76ರಿಂದ 84 ಸೆಂಟಿಮೀಟರ್. ಅಂದರೆ ಗೇಜ್ ಬದಲಾದ ಕಡೆಯಲ್ಲೆಲ್ಲ ಪ್ಲಾಟ್‌ಫಾರಂಗೆ ಮೊಣಕಾಲುದ್ದ ಮಣ್ಣು ತುಂಬಬೇಕಾಯಿತು. ಕಟ್ಟಡವನ್ನು ಎತ್ತಲು ಆಗುವುದಿಲ್ಲವಲ್ಲ! ಹಾಗಾಗಿ ಹಳೇ ಕಟ್ಟಡ ಉಳಿದ ಠೇಸನ್ನುಗಳಲ್ಲಿ ಜಗಲಿ ನೆಲದೊಳಗೆ ಹೂತುಹೋದಂತೆ ಕಾಣುತ್ತದೆ. ಕಿಟಕಿಯ ಹಾಸುಗಲ್ಲು ಮೊಣಕಾಲಿಗೆ ಬರುತ್ತದೆ, ಬಾಗಿಲು ಗಿಡ್ಡ ಅನ್ನಿಸುತ್ತದೆ, ಕೋಣೆಗೆ ಹೋಗಲು ಮೆಟ್ಟಿಲು ಇಳಿಯಬೇಕಾಗುತ್ತದೆ. ಮಳೆಗಾಲದಲ್ಲಿ ಅಂಥ ಕೋಣೆಗೆ ನೀರು ನುಗ್ಗುವುದೂ, ಗೋಡೆಯ ಬುಡ ಬೆವರುವುದೂ, ಸುಣ್ಣ ಉದುರುವುದೂ ಇದೇ ಕಾರಣಕ್ಕೆ: ಗೋಡೆಯ ತೇವ ತಡೆಯುವ ಪದರ ಈಗ ನೆಲಮಟ್ಟಕ್ಕಿಂತ ಕೆಳಗಿದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ. ಹಳೇ ಕಟ್ಟಡಕ್ಕೆ ಗಾರೆಯೇ ಸರಿ. ದಾವಣಗೆರೆ ಠೇಸನ್ನಿನ ಮುಖ ಈಗ ಹೊಸದು, ಅಲ್ಲಿ ಇದನ್ನು ಹುಡುಕಬೇಡಿ. ಹೋದಲ್ಲೆಲ್ಲ ಬಾಗಿಲ ಹೊಸ್ತಿಲನ್ನು ಒಮ್ಮೆ ಗಮನಿಸಿ, ಸಾಕು.

ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡು ಎಲ್ಲರಿಗೂ ಗೊತ್ತು. ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತಾರೆ. ಹರಿಹರದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ದಾವಣಗೆರೆಯದನ್ನೂ, ಸಾಧ್ಯವಾದರೆ ಚಿಕ್ಕಜಾಜೂರಿನದನ್ನೂ ಪಕ್ಕಕ್ಕೆ ಬರೆಯಿರಿ. ಹೊಳೆಯಿಂದ ಬೆಂಗಳೂರಿನ ಕಡೆಗೆ ನೆಲ ಏರುತ್ತಲೇ ಹೋಗುವುದು ಆ ಮೂರು ಅಂಕಿಯಲ್ಲೇ ಸಿಗುತ್ತದೆ. ಉಗಿಬಂಡಿಯ ಕಾಲದಲ್ಲಿ ಈ ಏರು ಅಂದರೆ ಕಲ್ಲಿದ್ದಲು ಮತ್ತು ನೀರು. ಮೀಟರ್ ಗೇಜಿನ ವೈಪಿ, ವೈಜಿ ಇಂಜಿನ್ನುಗಳ ಟೆಂಡರಿನಲ್ಲಿ (ಇಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿಯಲ್ಲಿ) ಹಿಡಿಯುತ್ತಿದ್ದದ್ದು ಹದಿಮೂರು ಸಾವಿರ ಲೀಟರಿನ ಆಸುಪಾಸು ನೀರು. ಮುಗಿಯುವ ಮೊದಲೇ ಇನ್ನೊಂದು ತೊಟ್ಟಿ ಸಿಗಬೇಕು. ಹಳೇ ಠೇಸನ್ನುಗಳ ಹೊರವಲಯದಲ್ಲಿ ಕಲ್ಲಿನ ಕಂಬಗಳ ಮೇಲೆ ನಿಂತ ಕಬ್ಬಿಣದ ತೊಟ್ಟಿ ಕಂಡರೆ, ಅದು ಊರಿಗೆ ಕಟ್ಟಿದ್ದಲ್ಲ, ಇಂಜಿನ್ನಿನ ಬಾಯಾರಿಕೆಗೆ ಕಟ್ಟಿದ್ದು.

ಠೇಸನ್ನಿಗೆ ಇಪ್ಪತ್ತು ನಿಮಿಷ ಸಾಕು. ಉಳಿದದ್ದು ಹೊಳೆಗೆ.

ರೈಲ್ವೆ ಸೇತುವೆಯನ್ನು ದಡದಿಂದ ನೋಡಬೇಕು, ಕಂಬಿಯ ಮೇಲಿಂದ ಅಲ್ಲ. ಇದು ಬಿನ್ನಹ ಅಲ್ಲ, ಕಟ್ಟಪ್ಪಣೆ ಎಂದುಕೊಳ್ಳಿ. ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ ಕಂಬಿಯ ಜಾಗಕ್ಕೆ ಅನುಮತಿಯಿಲ್ಲದೆ ಹೋದರೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಸೇತುವೆಯ ಮೇಲೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಎದುರುಗಾಳಿಯಲ್ಲಿ ಹಿಂದಿನಿಂದ ಬರುವ ವಿದ್ಯುತ್ ರೈಲಿನ ಸದ್ದು ತೀರಾ ಹತ್ತಿರ ಬರುವವರೆಗೆ ಕೇಳುವುದಿಲ್ಲ. ಜೋಡಿ ಕಂಬಿಯಲ್ಲಿ ಒಂದು ರೈಲಿನ ಸದ್ದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ತಂತಿಯಲ್ಲಿರುವುದು 25,000 ವೋಲ್ಟ್. ಅದನ್ನು ಮುಟ್ಟಬೇಕೆಂದೇನೂ ಇಲ್ಲ, ಹತ್ತಿರ ಹೋದರೇ ಹಾರಿ ಹಿಡಿಯುತ್ತದೆ. ಎರಡು ಮೀಟರ್ ದೂರ ಕಡ್ಡಾಯ. ಕಾಲ್ಸೇತುವೆಯ ಮೇಲೆ ಸೆಲ್ಫಿ ಕೋಲು ಹೊರಗೆ ಚಾಚುವುದು, ನಿಂತ ವ್ಯಾಗನ್ನಿನ ಮೇಲೆ ಹತ್ತುವುದು ಎರಡೂ ಜೀವಕ್ಕೇ ಎರವು. ಮಕ್ಕಳ ಕೈ ಬಿಡಬೇಡಿ.

ದಡದಿಂದ ಏನು ಕಾಣುತ್ತದೆ? ಮೊದಲು ಅಂಕಣ, ಅಂದರೆ ಎರಡು ಕಂಬಗಳ ನಡುವಿನ ಭಾಗ, ಎಣಿಸಿ. ರೈಲ್ವೆ ಸೇತುವೆಗಳ ಅಂಕಣದ ಉದ್ದ 12.2, 18.3, 24.4, 30.5, 45.7 ಮೀಟರ್ ಎಂಬ ವಿಚಿತ್ರ ಅಂಕಿಗಳಲ್ಲಿ ಇರುತ್ತದೆ. ವಿಚಿತ್ರವೇನಿಲ್ಲ: 40, 60, 80, 100, 150 ಅಡಿ. ಅಡಿಯ ಕಾಲದ ಲೆಕ್ಕವನ್ನು ಮೀಟರಿಗೆ ತಿರುಗಿಸಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಆಮೇಲೆ ಕಂಬದ ಮೈ ನೋಡಿ. ಅಪಾಯದ ಮಟ್ಟ, ಕಂಡ ಅತಿ ಹೆಚ್ಚಿನ ನೆರೆಯ ಮಟ್ಟ ಎರಡನ್ನೂ ಬಣ್ಣದ ಪಟ್ಟಿಯಿಂದ ಗುರುತಿಸುವುದು ರೈಲ್ವೆಯ ರೂಢಿ. ಕಂಬದ ತಲೆ ಮತ್ತು ಗರ್ಡರಿನ (ಕಂಬದಿಂದ ಕಂಬಕ್ಕೆ ಹಾಯುವ ಉಕ್ಕಿನ ತೊಲೆಯ) ನಡುವೆ ಬೇರಿಂಗ್ ಇರುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. 30 ಮೀಟರಿನ ಗರ್ಡರು 30 ಡಿಗ್ರಿ ಏರಿಳಿತಕ್ಕೆ ಸುಮಾರು ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. ಒಂದು ತುದಿ ಗಟ್ಟಿ, ಇನ್ನೊಂದು ತುದಿ ಜಾರುವಂತೆ ಕೂರಿಸುವುದು ಅದಕ್ಕೇ. ಆ ಜಾರುವ ತುದಿಗೆ ಮಣ್ಣು, ಪಾರಿವಾಳದ ಗೂಡು ತುಂಬಿದರೆ ಬೇರಿಂಗ್ ಕಚ್ಚಿಕೊಂಡು ಕಂಬದ ತಲೆಗಲ್ಲೇ ಬಿರುಕು ಬಿಡುತ್ತದೆ. ಕಾಲಕಾಲಕ್ಕೆ ಗ್ಯಾಂಗಿನವರು ಅದನ್ನು ತೊಳೆದು ಗ್ರೀಸ್ ಹಾಕದಿದ್ದರೆ ಇಷ್ಟು ದೊಡ್ಡ ಉಕ್ಕು ಒಂದು ಹಿಡಿ ಕಸಕ್ಕೆ ಸೋಲುತ್ತದೆ.

ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರಿ ಇಲ್ಲಿಗೆ ಬರುತ್ತವೆ. ಸೂಳೆಕೆರೆಯಿಂದ ಹೊರಟ ಹರಿದ್ರೆಯೂ ಹರಿಹರದ ಬಳಿಯೇ ಹೊಳೆ ಸೇರುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಇಲ್ಲಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ಆ ತಿಂಗಳುಗಳಲ್ಲಿ ಮೆಟ್ಟಿಲ ಕೆಳಗೆ ಇಳಿಯಬೇಡಿ. ಬೇಸಿಗೆಯಲ್ಲಿ ಬಂದರೆ ಕಂಬದ ಬುಡ ಕಾಣುತ್ತದೆ, ಮಳೆಗಾಲದಲ್ಲಿ ಬಂದರೆ ನೀರು ಕಂಬಕ್ಕೆ ಬಡಿದು ಬುಡದಲ್ಲಿ ಮರಳು ಕೊರೆಯುವ ಸುಳಿ ಕಾಣುತ್ತದೆ. ಸಮಯವಿದ್ದವರು 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರನ ಗುಡಿಗೂ ಹೋಗಿಬನ್ನಿ. ಬೆಣ್ಣೆದೋಸೆಯನ್ನು ದಾವಣಗೆರೆಯಲ್ಲೇ ಮುಗಿಸಿಕೊಂಡು ಹೊರಡುವುದು ಒಳ್ಳೆಯದು. ತಿಂದ ಕೂಡಲೇ ಹೆದ್ದಾರಿಗೆ ಏರಿದರೆ ನಿದ್ದೆ ಬರುತ್ತದೆ, ಇಲ್ಲಿ ಅರ್ಧ ಗಂಟೆ ನಡೆದರೆ ಅದು ಕಳೆಯುತ್ತದೆ.

ಚಿತ್ರದುರ್ಗದವರು ಕೇಳುತ್ತಾರೆ, ನಮ್ಮೂರಿಗೆ ಏನೂ ಇಲ್ಲವೇ ಎಂದು. ಇದೆ. ಮುಖ್ಯ ಕಂಬಿ ದುರ್ಗವನ್ನು ಬಿಟ್ಟುಹೋದ ಮೇಲೆ ಊರಿಗೆ ರೈಲು ಬರಲು 1921ರವರೆಗೆ ಕಾಯಬೇಕಾಯಿತು, ಅದೂ ಚಿಕ್ಕಜಾಜೂರಿನಿಂದ 21 ಮೈಲಿಯ ಕವಲು ದಾರಿಯಾಗಿ. ಹೆದ್ದಾರಿಯ ಮಗ್ಗುಲಲ್ಲೇ ಇರುವ ಜಿಲ್ಲಾ ಕೇಂದ್ರವೊಂದು ರೈಲಿನ ಮಟ್ಟಿಗೆ ಮೂಲೆಯ ಊರಾಗಿ ಉಳಿದದ್ದು ಹೀಗೆ. ‘ಹೊಸದುರ್ಗ ರೋಡ್’ ಎಂಬ ಹೆಸರೂ ಇದೇ ಕಥೆ ಹೇಳುತ್ತದೆ. ಠೇಸನ್ನಿನ ಹೆಸರಿಗೆ ‘ರೋಡ್’ ಸೇರಿದ್ದರೆ ಊರು ಅಲ್ಲಿಲ್ಲ, ಅಲ್ಲಿಂದ ಊರಿಗೆ ರಸ್ತೆ ಇದೆ ಎಂದರ್ಥ. ಈಗ ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ಸುಮಾರು 190 ಕಿಲೋಮೀಟರಿನ ನೇರ ಮಾರ್ಗದ ಕೆಲಸ ನಡೆದಿದೆ. ಅದು ಮುಗಿದ ದಿನ ರಸ್ತೆಗೂ ಕಂಬಿಗೂ ತುಮಕೂರಿನಲ್ಲಿ ಬಿದ್ದ ಕವಲು ಮುಚ್ಚಿಕೊಳ್ಳುತ್ತದೆ. ಅರಸೀಕೆರೆ, ಬೀರೂರಿನ ಹಳೇ ಸುತ್ತಿನ ಠೇಸನ್ನುಗಳನ್ನು ನೋಡುವವರು ಅಷ್ಟರೊಳಗೆ ನೋಡಿಕೊಳ್ಳುವುದು ಮೇಲು.

ಸಭೆಯಲ್ಲಿ ಒಂದು ಪ್ರಶ್ನೆ ಬಂತು: ಕಂಬಿಯ ಪಕ್ಕ ಬಿದ್ದಿರುವ ಹಳೇ ಮೊಳೆ, ಹಳಿಗೆ ಹಳಿ ಜೋಡಿಸುವ ಫಿಶ್‌ಪ್ಲೇಟ್ ಪಟ್ಟಿಯ ತುಂಡು ನೆನಪಿಗೆ ತೆಗೆದುಕೊಂಡು ಹೋಗಬಹುದೇ? ಬೇಡವೇ ಬೇಡ. ಬಿದ್ದಿದ್ದರೂ ಅದು ರೈಲ್ವೆಯ ಆಸ್ತಿ. 1966ರ ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯ್ದೆಯಡಿ ಮೊದಲ ತಪ್ಪಿಗೇ ಐದು ವರ್ಷದವರೆಗೆ ಸೆರೆ ಆಗಬಹುದು. ನೆನಪು ಬೇಕಾದವರು ಅಚ್ಚು ತೆಗೆದುಕೊಳ್ಳಿ. ಬೇಲಿ ಪ್ಲಾಟ್‌ಫಾರಂ ಬದಿಗೇ ಇದ್ದರೆ ಮಾತ್ರ, ಅಲ್ಲಿದ್ದ ಸಿಬ್ಬಂದಿಗೆ ಒಂದು ಮಾತು ಹೇಳಿ. ಟ್ರೇಸಿಂಗ್ ಹಾಳೆಯಂಥ ತೆಳು ಕಾಗದವನ್ನು ಅಕ್ಷರದ ಮೇಲೆ ಬಿಗಿಯಾಗಿ ಹಿಡಿದು, ಎರಡೂ ಅಂಚಿಗೆ ಕಾಗದದ ಟೇಪು ಅಂಟಿಸಿ. ಮಕ್ಕಳ ಕಪ್ಪು ಕ್ರೇಯಾನನ್ನು ಸಿಪ್ಪೆ ಸುಲಿದು, ಮಲಗಿಸಿ, ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಕಾಗದ ಸರಿದು ಅಕ್ಷರ ಜೋಡಿಯಾಗುತ್ತದೆ. ಬೆಳಗಿನ ಇಬ್ಬನಿ ಒಣಗಿರಬೇಕು, ಒದ್ದೆ ಕಬ್ಬಿಣದ ಮೇಲೆ ಮೇಣ ಹಿಡಿಯುವುದಿಲ್ಲ. ಹಿಂಬದಿಯಲ್ಲಿ ಊರು, ದಿನಾಂಕ, ಎಷ್ಟನೇ ಪ್ಲಾಟ್‌ಫಾರಂ, ಬಾಗಿಲಿನಿಂದ ಎಷ್ಟನೇ ಗೂಟ, ಹಳಿಯ ಎತ್ತರ ಎಷ್ಟು ಮಿಲಿಮೀಟರ್ ಎಂದು ಪೆನ್ಸಿಲ್‌ನಲ್ಲಿ ಬರೆದು, ಮಡಚದೆ ಸುರುಳಿ ಸುತ್ತಿ ಗಾಡಿಯಲ್ಲಿಡಿ.